ಅವ್ವ ಕೇಳಿದ ಹೂವು

ನನ್ನನ್ನು ಎಂ.ಎಸ್ಸಿ.ಗೆ ಸೇರಿಸಿದ್ದು ದೇವರು. ಅವನಿಗೆ ನೆರವಾದದ್ದು ಅವ್ವನ ಮರೆವು. ನಮ್ಮ ಮನೆಯಲ್ಲಿ ಕೇಳಿ, ಬೀದಿಯಲ್ಲಿ ಕೇಳಿ, ನೆಂಟರ ಮದುವೆಯಲ್ಲಿ ಊಟದ ಸಾಲಿನಲ್ಲಿ ಕೂತು ಕೇಳಿ, ಸಿಗುವ ಕಥೆ ಇದೊಂದೇ. ಕಥೆಯಲ್ಲಿ ನಾನು ಹುಳುಕು ಹುಡುಕುತ್ತಿಲ್ಲ. ದೇವರಿದ್ದಾನೆ, ಏನೂ ಅರಿಯದ ತಾಯಿಯಿದ್ದಾಳೆ, ಕೊನೆಗೆ ಒಳ್ಳೆಯದೇ ಆಗುತ್ತದೆ. ಅಪ್ಪ ಹೇಳುವಾಗ ನಗಬೇಕಾದ ಜಾಗಗಳು ಎರಡಿವೆ. ಎರಡರಲ್ಲೂ ನಾನು ಎರಡು ವರ್ಷದಿಂದ ತಪ್ಪದೆ ನಗುತ್ತ ಬಂದಿದ್ದೇನೆ. ಹೋದ ವಾರ ಧನಿಯದ ಡಬ್ಬದಲ್ಲಿ ಹಳದಿ ಬಟ್ಟೆಯ ಗಂಟುಗಳು ಸಿಗದೇ ಹೋಗಿದ್ದರೆ ಇನ್ನೂ ಇಪ್ಪತ್ತು ವರ್ಷ ನಗುತ್ತಿದ್ದೆನೋ ಏನೋ.

ಡಬ್ಬಕ್ಕೆ ಕೈ ಹಾಕಿದ್ದು ಧನಿಯಕ್ಕಲ್ಲ. ನಮ್ಮ ಮನೆಯಲ್ಲಿ ಬೀರು ಇದೆ, ಬೀರುವಿಗೆ ಬೀಗವೂ ಇದೆ. ಆದರೆ ಮುಖ್ಯವಾದ ಕಾಗದಗಳೆಲ್ಲ ಇರುವುದು ಅಡುಗೆಮನೆಯ ಅಟ್ಟದ ಮೇಲಿನ ಹಳೆಯ ಧನಿಯದ ಡಬ್ಬದಲ್ಲಿ. ಇಲಿಗೆ ಧನಿಯದ ವಾಸನೆ ಆಗುವುದಿಲ್ಲ ಎನ್ನುವುದು ಅವ್ವನ ಸಿದ್ಧಾಂತ. ಇದಕ್ಕೆ ಆಧಾರವೇನು, ಯಾರು ಪರೀಕ್ಷೆ ಮಾಡಿದ್ದಾರೆ ಎಂದು ನಾನು ಪಿಯುಸಿಯಲ್ಲಿದ್ದಾಗ ವಾದ ಹೂಡಿದ್ದೆ. ಬೀರುವಿನಲ್ಲಿ ಭದ್ರವಾಗಿಟ್ಟಿದ್ದ ನನ್ನ ಎನ್ನೆಸ್ಸೆಸ್ ಸರ್ಟಿಫಿಕೇಟನ್ನು ಇಲಿ ಅರ್ಧ ತಿಂದ ಮೇಲೆ ವಾದ ಕೈಬಿಟ್ಟೆ. ಹೀಗಾಗಿ ನನ್ನ ಅಂಕಪಟ್ಟಿಗಳಿಗೆಲ್ಲ ಹುಳಿಸಾರಿನ ವಾಸನೆ. ಒಂದು ಇಂಟರ್‌ವ್ಯೂನಲ್ಲಿ ಅಧಿಕಾರಿಯೊಬ್ಬರು ಅಂಕಪಟ್ಟಿಯನ್ನು ಕೈಗೆತ್ತಿಕೊಂಡು, ಒಂದು ಕ್ಷಣ ತಡೆದು, ಗಡಿಯಾರ ನೋಡಿಕೊಂಡರು. ಊಟದ ಹೊತ್ತು ಮೀರಿತ್ತು, ಪಾಪ.

ಈಗ ಮತ್ತೆ ಆ ಕಾಗದಗಳು ಬೇಕಾಗಿವೆ. ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೇನೆ. ಬಿಡದಿಯ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸವಿದೆ, ಬಾ ಎಂದಿದ್ದಾರೆ, ಮೈಸೂರಿನಲ್ಲಿ ಪಿಎಚ್.ಡಿ.ಗೂ ಕರೆ ಬಂದಿದೆ. ಎರಡು ವರ್ಷದ ಹಿಂದೆ ಯಾವ ಕವಲಿನಲ್ಲಿ ನಿಂತಿದ್ದೆನೋ ಅಲ್ಲಿಗೇ ಬಂದು ನಿಂತಿದ್ದೇನೆ, ಸೀರೆ ಉಡುವುದನ್ನು ಕಲಿತಿದ್ದೇನೆ ಎನ್ನುವುದಷ್ಟೇ ವ್ಯತ್ಯಾಸ.

ಡಬ್ಬದ ತಳದಲ್ಲಿ, ಅವ್ವನದೇ ಹತ್ತನೇ ತರಗತಿಯ ಅಂಕಪಟ್ಟಿಯ ಅಡಿಯಲ್ಲಿ, ಗೋಲಿ ಗಾತ್ರದ ಗಂಟುಗಳು ಒಂದು ಹಿಡಿಯಷ್ಟಿದ್ದವು. ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡು, ಒಳಗೆ ಒಂದೊಂದು ನಾಣ್ಯ. ಕೆಲವು ಬಣ್ಣ ಮಾಸಿ ಕಂದಾಗಿದ್ದವು, ಕೆಲವು ನಿನ್ನೆ ಮೊನ್ನೆ ಕಟ್ಟಿದ ಹಾಗೆ ಹಳದಿ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಹಿಡಿದೆ.

“ತಪ್ಪುಕಾಣಿಕೆ ಕಣವ್ವ ಅದು. ಎಲ್ಲಿತ್ತೋ ಅಲ್ಲೇ ಮಡಗು,” ಎಂದಳು ಅಜ್ಜಿ, ಕಣ್ಣೆತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕು. ದೇವರ ವಿಷಯದಲ್ಲಿ ಏನಾದರೂ ತಪ್ಪು ಮಾಡಿದರೆ, ಹರಕೆ ಮರೆತರೆ, ಆಡಬಾರದ ಮಾತು ಆಡಿದರೆ, ನಮ್ಮ ಕಡೆ ಹೆಂಗಸರು ತಪ್ಪಾಯಿತು ಅಂದುಕೊಂಡು ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿಡುತ್ತಾರೆ. ಮುಂದೆ ಆ ದೇವಸ್ಥಾನಕ್ಕೆ ಹೋದಾಗ ಹುಂಡಿಗೆ ಹಾಕಿಬಿಟ್ಟರೆ ಮುಗಿಯಿತು. ಒಂದು ತಪ್ಪಿಗೆ ಒಂದು ಗಂಟು. ಇಲ್ಲಿ ಒಂದು ಹಿಡಿ ಇತ್ತು, ಒಂದೂ ಹುಂಡಿಗೆ ಹೋಗಿರಲಿಲ್ಲ. ಎಷ್ಟೇ ಸಿಟ್ಟು ಬಂದಿದ್ದರೂ ಹಾಲು ಉಕ್ಕಿ ಚೆಲ್ಲಲು ಬಿಡದ ಅವ್ವ ಅಂಥ ಯಾವ ತಪ್ಪು ಮಾಡಿದ್ದಾಳೆ ಎಂದು ಕೇಳಿದೆ.

“ಕಟ್ದೋಳ್ನ ಕೇಳು. ನಾನೇನ್ ಕಟ್ಟಿದ್ನಾ?” ಎಂದು ಅಜ್ಜಿ ಅವರೆಕಾಯಿಗೆ ಮರಳಿದಳು.

ಕೇಳುವುದು ನನಗೆ ಕಷ್ಟವಲ್ಲ. ಮಾತಾಡುವುದೇ ನನ್ನ ಕಸುಬಾಗಿತ್ತು. ಮಾಗಡಿಯಿಂದ ಕಲ್ಯದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಹಿಟ್ಟಿನ ಮಿಷನ್ನು, ಅದರ ಬೆನ್ನಿಗೆ ಮನೆ. ಬೆಳಗ್ಗೆ ಕರೆಂಟು ಬಂದ ಗಳಿಗೆಯಿಂದ ಹೋಗುವವರೆಗೆ ಮಿಷನ್ನಿನ ಸದ್ದು. ಆ ಸದ್ದಿನ ಮೇಲೆ ಅನ್ನ ಬೇಕು ಎಂದು ಕೂಗಿ ಬೆಳೆದ ಮಗುವಿಗೆ ಗಂಟಲು ಹೇಗಿರಬೇಡ! ಹೈಸ್ಕೂಲಿನಲ್ಲಿ ಮೈಕು ಕೆಟ್ಟಾಗ ಸ್ವಾಗತ ಭಾಷಣಕ್ಕೆ ನನ್ನನ್ನೇ ಎಬ್ಬಿಸುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಮೇಡಂ ನನ್ನ ಗಂಟಲನ್ನು ಪ್ರತಿಭೆಯೆಂದು ತಪ್ಪು ತಿಳಿದು ಚರ್ಚಾಸ್ಪರ್ಧೆಗೆ ಹಾಕಿದರು. ರಾಮನಗರ, ಚನ್ನಪಟ್ಟಣ, ಕನಕಪುರ, ಎಲ್ಲೆಲ್ಲಿ ಸ್ಪರ್ಧೆಯೋ ಅಲ್ಲೆಲ್ಲ ನಾನು. ಅಧ್ಯಕ್ಷರೇ, ತೀರ್ಪುಗಾರರೇ ಎಂದು ಶುರುಮಾಡಿದರೆ ನಾಲ್ಕನೇ ನಿಮಿಷದ ಎಚ್ಚರಿಕೆಯ ಗಂಟೆಗೂ ಬಗ್ಗುತ್ತಿರಲಿಲ್ಲ.

ಅಲ್ಲಿ ಪರವೋ ವಿರೋಧವೋ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ನಿಮಗೆ ಏನನ್ನಿಸುತ್ತದೆ ಎಂದು ಕೇಳುವ ಪದ್ಧತಿಯಿರಲಿಲ್ಲ. ‘ಹೆಚ್ಚಿನ ಓದಿಗಿಂತ ಉದ್ಯೋಗವೇ ಮೇಲು’ ಎನ್ನುವ ವಿಷಯ ಒಂದು ವರ್ಷ ಎಲ್ಲ ಕಡೆಯೂ ಓಡಾಡುತ್ತಿತ್ತು. ರಾಮನಗರದಲ್ಲಿ ವಿರೋಧದ ಚೀಟಿ ಬಂತು. ಓದಿನ ಹಿರಿಮೆಯನ್ನು ಸಾರಿ ಮೊದಲ ಬಹುಮಾನವಾಗಿ ಒಂದು ಸ್ಟೀಲ್ ತಟ್ಟೆ ತಂದೆ. ಹದಿನೈದು ದಿನ ಬಿಟ್ಟು ಕನಕಪುರದಲ್ಲಿ ಪರದ ಚೀಟಿ. ಓದಿ ಓದಿ ಕೂದಲು ಉದುರಿಸಿಕೊಂಡವರ ಪಾಡನ್ನು ಬಣ್ಣಿಸಿ ಒಂದು ಲೋಟ ತಂದೆ. ಎರಡರ ಮೇಲೂ ಹೆಸರು, ವಿಷಯ ಕೊರೆಸಿ ಕೊಟ್ಟಿದ್ದಾರೆ. ಇವತ್ತಿಗೂ ನಾನು ಓದಿನ ತಟ್ಟೆಯಲ್ಲಿ ಮುದ್ದೆ ಉಂಡು ಉದ್ಯೋಗದ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತೇನೆ. ಮೂಢನಂಬಿಕೆಯನ್ನು ಖಂಡಿಸಿ ಚನ್ನಪಟ್ಟಣದಲ್ಲಿ ಗೆದ್ದ ಬಣ್ಣದ ಮರದ ಕುದುರೆ ದೇವರ ಗೂಡಿನ ಪಕ್ಕ ನಿಂತಿದೆ. ಅಲ್ಲಿ ನಿಲ್ಲಿಸಿದವಳು ಅಜ್ಜಿ. ಕುದುರೆ ನಮ್ಮ ಮನೆದೇವರು ವೀರಭದ್ರನದು ಎನ್ನುವುದು ಅವಳ ವಾದ.

ಹೀಗೆ ಎರಡೂ ಕಡೆ ಗೆದ್ದವಳಿಗೆ ನಿಜವಾಗಿ ಒಂದು ಕಡೆ ನಿಲ್ಲಬೇಕಾಗಿ ಬಂದಾಗ ಏನಾಗುತ್ತದೆ ಎಂಬುದನ್ನು ಯಾವ ಮೇಡಮ್ಮೂ ಹೇಳಿಕೊಟ್ಟಿರಲಿಲ್ಲ. ಬಿ.ಎಸ್ಸಿ. ಮುಗಿದಾಗ ಎರಡು ಕಾಗದ ಒಂದೇ ವಾರ ಬಂದವು. ಬಿಡದಿಯ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಟ್ರೈನಿ ಕೆಲಸ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೀಟು. ಎರಡಕ್ಕೂ ಕಡೆಯ ದಿನ ಮುಂದಿನ ಸೋಮವಾರ.

ಅಪ್ಪ ಕೆಲಸದ ಕಡೆಗಿದ್ದರು. ಕಂಪನಿಯ ಬಸ್ಸು ನಮ್ಮ ರಸ್ತೆಯಲ್ಲೇ ಹಾದುಹೋಗುತ್ತದೆ, ಮಿಷನ್ನಿನ ಮುಂದೆಯೇ ನಿಲ್ಲಿಸುತ್ತಾರಂತೆ ಎನ್ನುವುದು ಅವರ ದೊಡ್ಡ ಸಮರ್ಥನೆ. ಮಗಳು ಸಮವಸ್ತ್ರ ತೊಟ್ಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ರಾಗಿ ತಂದವರೆಲ್ಲ ನೋಡುತ್ತಿರುವಾಗ ಬಸ್ಸು ಹತ್ತುವುದನ್ನು ಅವರು ಮನಸ್ಸಿನಲ್ಲಿ ಆಗಲೇ ಹಲವು ಸಲ ನೋಡಿಬಿಟ್ಟಿದ್ದರು. ರಾಗಿ ತಂದವರೂ ಸುಮ್ಮನಿರಲಿಲ್ಲ. ಹಿಟ್ಟು ಬೀಳುವವರೆಗೆ ಅವರಿಗೆ ಬೇರೆ ಕೆಲಸವಿರುವುದಿಲ್ಲ. ಬೈರಮಂಗಲದಿಂದ ತಂಗಿಯ ಮನೆಗೆ ಬಂದಿದ್ದ ಒಬ್ಬರು, ಹುಡುಗಿ ಜಾಸ್ತಿ ಓದಿದರೆ ಅವಳಿಗಿಂತ ಜಾಸ್ತಿ ಓದಿದ ಗಂಡು ಹುಡುಕಬೇಕಾಗುತ್ತದೆ, ಅಂಥವನು ಮುದ್ದೆ ತಿನ್ನುವುದಿಲ್ಲ ಎಂದು ಸದ್ದಿನ ನಡುವೆ ಕೂಗಿ ಹೇಳಿದರು. ಇದಕ್ಕೆ ಪ್ರತಿವಾದ ನನಗೆ ಇನ್ನೂ ಹೊಳೆದಿಲ್ಲ.

ನಾನು ಏನು ಮಾಡಿದೆ? ಬೆಳಗ್ಗೆ ಅಪ್ಪ ಕೆಲಸ ಎಂದರೆ ಓದಿನ ಪರ ಮಾತಾಡಿದೆ. ಅವರು ಒಸಿ ಮೆತ್ತಗಾಗಿ, ಸರಿ ಓದು ಎಂದರೆ, ಹಾಗಲ್ಲ ಅಪ್ಪಾಜಿ, ಇನ್ನೊಂದು ಮುಖವನ್ನೂ ನೋಡಬೇಕು ಎಂದು ಕೆಲಸದ ಪರ ನಿಂತೆ. ನಾಲ್ಕು ದಿನ ಇದೇ ನಡೆಯಿತು. ಅಪ್ಪ ಕೊನೆಗೆ ಟವಲಿನಿಂದ ಮುಖದ ಹಿಟ್ಟು ಒರೆಸಿಕೊಂಡು, “ನಿನ್ ಬಾಯಿಗೆ ಮಿಷನ್ನೇ ವಾಸಿ ಕಣವ್ವ, ಕರೆಂಟ್ ಹೋದ್ರೆ ಅದಾದ್ರೂ ನಿಲ್ತದೆ,” ಎಂದರು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೇ ಗೊತ್ತಿರಲಿಲ್ಲ. ಯಾರಾದರೂ ಚೀಟಿ ಎತ್ತಿ ಕೊಡಲಿ ಎಂದು ಕಾಯುತ್ತಿದ್ದೆ.

ಅಜ್ಜಿ ಎತ್ತಿಕೊಟ್ಟಳು. “ಹೂವ ಕೇಳ್ಬುಡಾನ,” ಎಂದಳು.

ಮನೆದೇವರ ಗುಡಿಯಲ್ಲಿ ಹೂವು ಕೇಳುವುದು ನಮ್ಮ ಕಡೆ ಹಳೆಯ ಪದ್ಧತಿ. ಅಯ್ನೋರು ಪೂಜೆ ಮಾಡಿ ಒದ್ದೆ ಹೂಗಳನ್ನು ಗಂಧದಲ್ಲಿ ದೇವರ ಎರಡು ಭುಜಕ್ಕೂ ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಪ್ರಶ್ನೆ ಇಡಬೇಕು, ಬಾಯಿಬಿಟ್ಟು ಹೇಳುವಂತಿಲ್ಲ. ಬಲಗಡೆ ಹೂವು ಬಿದ್ದರೆ ಹೌದು, ಎಡಗಡೆ ಬಿದ್ದರೆ ಬೇಡ. ಮದುವೆ, ಜಮೀನು, ಕೊಳವೆಬಾವಿ ಎಲ್ಲವೂ ಇಲ್ಲಿ ಇತ್ಯರ್ಥವಾಗುತ್ತವೆ. ಅವ್ವನನ್ನು ಪಿಯುಸಿಗೆ ಕಳಿಸುವುದೋ ಬೇಡವೋ ಎಂದು ಅವಳ ತವರಿನವರು ಒಮ್ಮೆ ಅವರ ದೇವರಲ್ಲಿ ಕೇಳಿದ್ದರಂತೆ. “ಎಡಕ್ ಬಿತ್ತು,” ಎಂದು ಅವ್ವ ಒಂದು ದಿನ ಜರಡಿ ಆಡಿಸುತ್ತಾ ಹೇಳಿದ್ದಳು. ಅಷ್ಟು ಹೇಳಿ ಹೊಟ್ಟು ಚೆಲ್ಲಲು ಹೋಗಿದ್ದಳು.

ಮೂಢನಂಬಿಕೆಯ ಮೇಲೆ ಮರದ ಕುದುರೆ ಗೆದ್ದ ನಾನು ಇದಕ್ಕೆ ಒಪ್ಪಬಾರದಿತ್ತು. ಒಪ್ಪಿದೆ, ಒಂದು ಷರತ್ತಿನ ಮೇಲೆ: ಪ್ರಶ್ನೆ ಸ್ಪಷ್ಟವಾಗಿರಬೇಕು. ವಿಷಯವನ್ನು ಸರಿಯಾಗಿ ಮಂಡಿಸದಿದ್ದರೆ ತೀರ್ಪಿಗೆ ಅರ್ಥವಿಲ್ಲ, ಹೌದು ಇಲ್ಲ ಎರಡರಲ್ಲೇ ಉತ್ತರ ಬರುವಂತಿರಬೇಕು ಎಂದೆಲ್ಲ ಗುಡಿಯ ದಾರಿಯಲ್ಲಿ ಉಪನ್ಯಾಸ ಕೊಟ್ಟೆ. ಅಪ್ಪ ತಕ್ಷಣ ‘ಕೆಲಸಕ್ಕೆ ಕಳಿಸಲಾ’ ಎಂದೇ ಕೇಳಬೇಕೆಂದು ನಿಶ್ಚಯಿಸಿದರು. ಅಪ್ಪನ ಜಾಣತನ ನನಗೆ ಗೊತ್ತಾಗದೆ ಇರಲಿಲ್ಲ. ನಮ್ಮ ದೇವರ ಬಲಕ್ಕೆ ದೊಡ್ಡ ದೀಪದ ಕಂಬವಿದೆ. ಆ ಕಡೆಯ ಗಂಧ ಬೇಗ ಒಣಗುತ್ತದೆ. ಆ ಕಡೆಯ ಹೂವೇ ಸಾಮಾನ್ಯವಾಗಿ ಬೀಳುತ್ತದೆ. ಇದಕ್ಕೆ ರಸಾಯನಶಾಸ್ತ್ರ ಓದಬೇಕಾಗಿಲ್ಲ, ಅಪ್ಪ ಓದಿಲ್ಲ.

ಕೇಳುವವರು ಯಾರು? ಅಪ್ಪ ಒಂದು ಕಡೆ ನಿಂತುಬಿಟ್ಟಿದ್ದರಿಂದ ಅವರು ಕೇಳುವಂತಿಲ್ಲ ಎಂದಳು ಅಜ್ಜಿ. ಅಜ್ಜಿಗೆ ಮಂಡಿನೋವು, ಅಷ್ಟು ಹೊತ್ತು ನಿಲ್ಲಲಾರಳು. “ಇವಳೇ ಕೇಳ್ಲಿ ಬುಡು. ಇವಳಿಗ್ ಯಾವ್ ಕಡೆನೂ ಇಲ್ಲ,” ಎಂದರು ಅಪ್ಪ ಅವ್ವನನ್ನು ತೋರಿಸಿ. ಆ ನಾಲ್ಕು ದಿನದ ವಾದದಲ್ಲಿ ಅವ್ವನನ್ನು ಯಾರೂ ಏನೂ ಕೇಳಿರಲಿಲ್ಲವೆಂಬುದು ನನಗೆ ಆಗ ಗಮನಕ್ಕೆ ಬಂತು ಎಂದು ಬರೆಯಲು ಆಸೆಯಾಗುತ್ತದೆ. ಬರಲಿಲ್ಲ. ಬಂದದ್ದು ಹೋದ ವಾರ.

ಅವ್ವ ಸೆರಗು ಹೊದ್ದು, ಕೈಮುಗಿದು, ಕಣ್ಣು ಮುಚ್ಚಿ ನಿಂತಳು. ಅಯ್ನೋರು ಮಂಗಳಾರತಿ ಎತ್ತಿದರು. ದೇವರನ್ನು ನಂಬದ ನಾನು ಬಲಭುಜವನ್ನೇ ನೋಡುತ್ತಿದ್ದೆ. ಕಣಗಿಲೆ ಹೂವೊಂದು ಸ್ವಲ್ಪ ಜಾರಿತು, ತಡೆಯಿತು, ಪೀಠದ ಮೇಲೆ ಬಿತ್ತು. ಬಲಕ್ಕೆ.

ಅಪ್ಪ ಆಗಲೇ ಜೇಬಿನಿಂದ ಫೋನು ತೆಗೆದಿದ್ದರು. ಅವ್ವ ಕಣ್ಣು ಬಿಟ್ಟು ಹೂವನ್ನು ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು. ಬೇಕಾದ್ದಕ್ಕಿಂತ ಒಸಿ ಹೆಚ್ಚು ಹೊತ್ತೇ ಮುಚ್ಚಿದ್ದಳು. ಏನು ಕೇಳಿಕೊಂಡಿರಿ ತಾಯಿ ಎಂದು ಅಯ್ನೋರು ವಿಚಾರಿಸಿದರು.

“ಓದಿಸ್ಲಾ ಅಂತ ಕೇಳ್ದೆ. ಓದ್ಸು ಅಂದವ್ನೆ,” ಎಂದಳು ಅವ್ವ.

“ಕೆಲ್ಸುಕ್ ಕಳಿಸ್ಲಾ ಅಂತಲ್ವೇನಮ್ಮಿ ಕೇಳ್ಬೇಕಾಗಿದ್ದು? ದಾರಿ ಉದ್ದಕ್ಕೂ ಹೇಳ್ಕೊಂಡ್ ಬಂದೆವಲ್ಲ!” ಎಂದರು ಅಪ್ಪ.

“ಹಂಗಾ? ಕಣ್ಣು ಮುಚ್ಚುತ್ಲೂ ಮರ್ತೇ ಹೋಯ್ತು ಕಣ್ರೀ. ನಂಗೆಲ್ಲಿ ಇವೆಲ್ಲ ನೆಪ್ಪಿರ್ತವೆ.”

ಇನ್ನೊಮ್ಮೆ ಕೇಳಬಹುದೇ ಎಂದು ಅಪ್ಪ ಅಯ್ನೋರನ್ನು ಅಂಗಲಾಚಿದರು. ಒಂದು ವಿಷಯಕ್ಕೆ ವಾರದಲ್ಲಿ ಒಂದೇ ಸಲ, ಬೇಕಾದರೆ ಮುಂದಿನ ವಾರ ಬನ್ನಿ ಎಂದರು ಅವರು. ನಾಳೆಯೇ ಕಡೆಯ ದಿನ. ಕೇಳಿದವರು ಮುಡಿಯಬೇಕಾದ ಹೂವನ್ನು ಅವ್ವ ತಾನು ಮುಡಿಯದೆ ನನ್ನ ಜಡೆಗೆ ಸಿಕ್ಕಿಸಿದಳು. ಮರುದಿನ ಮೈಸೂರಿನ ಬಸ್ಸು ಹತ್ತಿದೆ.

ಅಪ್ಪನ ಕಥೆಯಲ್ಲಿ ನಗುವ ಜಾಗಗಳು ಇವೇ: ಅವರು ತಲೆಯ ಮೇಲೆ ಟವಲು ಹೊದ್ದು ಅವ್ವನ ಹಾಗೆ “ಹಂಗಾ?” ಅನ್ನುವುದು ಒಂದು, ಊರಿನ ಮಕ್ಕಳೆಲ್ಲ ನೆನಪಿನ ಶಕ್ತಿಯಿಂದ ಓದಿ ಮುಂದೆ ಬಂದರೆ ನನ್ನ ಮಗಳು ತಾಯಿಯ ಮರೆವಿನಿಂದ ಮುಂದೆ ಬಂದಳು ಅನ್ನುವುದು ಇನ್ನೊಂದು. ಅವ್ವನೂ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಈಗ ಪುರಾವೆಗಳನ್ನು ನೋಡಿ. ಸುಗ್ಗಿ ಮುಗಿದ ದಿನಗಳಲ್ಲಿ ನಮ್ಮ ಮಿಷನ್ನಿನ ಮುಂದೆ ಚೀಲಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದರ ಮೇಲೂ ಹೆಸರಿರುವುದಿಲ್ಲ. ಎಲ್ಲವೂ ಅದೇ ಗೊಬ್ಬರದ ಚೀಲ, ಅದೇ ಸಿಮೆಂಟಿನ ಚೀಲ, ಹಳೆಯ ದಿಂಬಿನ ಚೀಲ. ತಂದವರು ಇಟ್ಟು ಸಂತೆಗೆ ಹೋಗಿಬಿಡುತ್ತಾರೆ. ಯಾರದು ರಾಗಿ, ಯಾರದು ರಾಗಿಗೆ ಒಂದು ಸೇರು ಗೋಧಿ ಬೆರೆಸಿದ್ದು, ಯಾರಿಗೆ ನುಣ್ಣಗೆ, ಯಾರಿಗೆ ತರಿತರಿ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಚೀಲದ ಮೊದಲ ಹಿಡಿಗೆ ಹಿಂದಿನ ಮೆಣಸಿನಪುಡಿಯ ಘಾಟು ತಗಲಬಾರದು, ಎಲ್ಲ ಅವ್ವನ ತಲೆಯಲ್ಲಿ. ನಾನು ಕಣ್ಣು ಬಿಟ್ಟ ಮೇಲೆ ಒಬ್ಬರ ಹಿಟ್ಟು ಇನ್ನೊಬ್ಬರ ಮನೆಗೆ ಹೋದದ್ದನ್ನು ಕಂಡಿಲ್ಲ. ಇಂಥವಳು ನಾಲ್ಕು ಮೈಲಿ ದಾರಿಯುದ್ದಕ್ಕೂ ನಾವು ಮೂವರೂ ಸೇರಿ ಬಾಯಿಪಾಠ ಮಾಡಿಸಿದ ಎರಡು ಪದದ ಪ್ರಶ್ನೆಯನ್ನು ಕಣ್ಣು ಮುಚ್ಚುವಷ್ಟರಲ್ಲಿ ಮರೆತಳು.

ಇನ್ನೊಂದು. ಅವತ್ತಿನಿಂದ ಅವ್ವ ಆ ಗುಡಿಯ ಹೊಸ್ತಿಲು ತುಳಿದಿಲ್ಲ. ಹಬ್ಬಕ್ಕೆ ನಾವೆಲ್ಲ ಹೊರಟರೆ ಅವಳಿಗೆ ತಲೆನೋವು. ಕಾರ್ತೀಕದ ದೀಪಕ್ಕೆ ಹೊರಟರೆ ಮಿಷನ್ನಿನ ಬೆಲ್ಟು ಬದಲಿಸುವವನು ಬರುತ್ತಾನಂತೆ. ನೀವು ಹೋಗಿ ಬನ್ನಿ ಎಂದು ಬುತ್ತಿ ಕಟ್ಟಿ ಕಳಿಸಿ, ತಾನು ಹಿಂದೆ ಉಳಿಯುತ್ತಾಳೆ. ಹಿಂದೆ ಉಳಿದು ಏನು ಮಾಡುತ್ತಿದ್ದಳೆಂದು ಧನಿಯದ ಡಬ್ಬ ಹೇಳುತ್ತದೆ. ಮಾಸಿದ ಗಂಟು ಹಳೆಯ ಹಬ್ಬದ್ದು, ಹಳದಿಯದು ಈಚಿನದು. ಮರೆತದ್ದಕ್ಕಾದರೆ ಒಂದು ಗಂಟು ಕಟ್ಟಿ ಹುಂಡಿಗೆ ಹಾಕಿ ಬರಬಹುದಿತ್ತು. ದೇವರ ಮುಖ ನೋಡಲಾರದಂಥ ತಪ್ಪಿಗೆ ಮಾತ್ರ ಹೀಗೆ ಮನೆಯಲ್ಲೇ ಗಂಟು ಸೇರುತ್ತವೆ.

ದೇವರಿಲ್ಲ ಎಂದು ನಾನು ಐದೈದು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನಂಬದವಳು ಅವನ ಮಾತು ಮೀರುವುದರಲ್ಲಿ ಏನು ಹೆಚ್ಚುಗಾರಿಕೆ? ಅದೇ ಸಂಜೆ ಗೂಡಿನ ಮುಂದೆ ದೀಪ ಹಚ್ಚಬೇಕಾದವಳು, ಕೆಲಸಕ್ಕೆ ಬಿದ್ದ ಹೂವನ್ನು ಓದಿಗೆ ಬಿತ್ತೆಂದು ಹೇಳಿ ಮೀರಿದ್ದರೆ, ಅದು ಬೇರೆ ಮಾತು.

ಇದು ಈಗ ನನಗೆ ಯಾಕೆ ಬೇಕು ಎಂದರೆ, ಅಜ್ಜಿ ಮತ್ತೆ ಹೂವು ಕೇಳೋಣ ಎಂದಿದ್ದಾಳೆ. ಪಿಎಚ್.ಡಿ.ಯೋ ಲ್ಯಾಬಿನ ಕೆಲಸವೋ ಈ ಸೋಮವಾರ ದೇವರೇ ಹೇಳಲಿ. ಈ ಸಲ ಬಾಯಿಬಿಟ್ಟು ಜೋರಾಗಿ ಕೇಳಲಿ ಎಂದು ಅಪ್ಪ ನಗಾಡಿದರು. ಅವ್ವ ಮಾತ್ರ ನಗಲಿಲ್ಲ. ಸೋಮವಾರ ಬೀಸುವುದು ಬಹಳ ಇದೆ ಎಂದಳು. ಇಷ್ಟು ದಿನ ನಾನು ಮೈಸೂರಿನಲ್ಲಿ ಹಾಯಾಗಿದ್ದೆ. ಓದಿಸಿದ್ದು ದೇವರು ಎಂದಮೇಲೆ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಚೀಟಿ ಎತ್ತಿಕೊಟ್ಟರು, ಮಾತಾಡಿ ಮುಗಿಸಿದೆ, ಅಷ್ಟೇ. ಓದಿಸಿದವಳು ಅವ್ವನಾದರೆ ಲೆಕ್ಕ ಬೇರೆಯಾಗುತ್ತದೆ. ಇನ್ನು ನಾನು ಬಸ್ಸು ಹತ್ತುವುದು ಬಿಡದಿಗೋ ಮೈಸೂರಿಗೋ, ಅದನ್ನು ಹೂವಿನ ಮೇಲೆ ಹಾಕಿ ಕೂರುವಂತಿಲ್ಲ.

ನಿನ್ನೆ ಮಧ್ಯಾಹ್ನ ಅಪ್ಪ ಊಟಕ್ಕೆ ಒಳಗೆ ಹೋದಾಗ ಮಿಷನ್ ಮನೆಗೆ ಹೋದೆ. ಅವ್ವ ಯಾರದೋ ಚೀಲದ ಬಾಯಿ ಕಟ್ಟುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು. ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ದಾರಿ ಅವಳಿಗೆ ಇರಬಾರದೆಂದು ಮೊದಲು ಸ್ವಿಚ್ಚು ಆರಿಸಿದೆ. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು. ಅಷ್ಟು ಸದ್ದಿಲ್ಲದ ಮಿಷನ್ ಮನೆಯಲ್ಲಿ ನನ್ನ ಗಂಟಲಿಗೆ ಮಾತಾಡಿ ಅಭ್ಯಾಸವಿಲ್ಲ. ಅಂಗೈ ತೆರೆದು ಹಳದಿ ಗಂಟು ತೋರಿಸಿದೆ. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲದ ದಾರಕ್ಕೆ ಹಾಕಿದ್ದ ಗಂಟನ್ನೇ ಬಿಚ್ಚಿ ಮತ್ತೆ ಹಾಕತೊಡಗಿದಳು.

“ಅವ್ವ,” ಎಂದೆ, “ಅವತ್ತು ಹೂವ ಬಿದ್ದಿದ್ದು ಯಾವ್ ಮಾತ್ಗೆ?”